ಊರಿನ ಹೆಸರು ಹೊತ್ತು ಬಂದ ಮೊದಲ ಪತ್ರಿಕೆ

ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮಧ್ಯಾಹ್ನ ಊಟ. ಭಾಷಣದಲ್ಲಿ ಹರ್ಮನ್ ಮೋಗ್ಲಿಂಗ್ ಹೆಸರು ಒಮ್ಮೆ ಬಂದು ಹೋಗುತ್ತದೆ. ಹಳ್ಳಿ ಸುದ್ದಿ ಬರೆಯುವ ನಮಗೆ ಆ ಪತ್ರಿಕೆಯ ಹೆಸರೇ ಒಂದು ಪಾಠ: ‘ಮಂಗಳೂರ ಸಮಾಚಾರ’.

ಅದು ಹುಟ್ಟಿದ್ದು 1843ರ ಜುಲೈ 1ರಂದು. ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಂದರು ಪಟ್ಟಣ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತು. ಬರೆಯಲು ಓದಲು ಕನ್ನಡ.

ಬಾಸೆಲ್ ಮಿಷನ್ ಅಲ್ಲಿ 1841ರಲ್ಲೇ ಮುದ್ರಣಾಲಯ ತೆರೆದಿತ್ತು. ಪತ್ರಿಕೆ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಅಂದರೆ ಎಣ್ಣೆ ಅಂಶದ ಮಸಿಯಲ್ಲಿ ಕೈಬರಹವನ್ನು ನುಣುಪು ಕಲ್ಲಿನ ಮೇಲೆ ಮೂಡಿಸಿ, ಕಲ್ಲಿಗೆ ನೀರು ಸವರಿ, ಮಸಿ ಉರುಳೆ ಆಡಿಸುವುದು. ಅಕ್ಷರ ಇದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಹಾಗೆ ಓದುಗರ ಕೈಗೆ ಹೋಗುತ್ತಿದ್ದದ್ದು ಯಾರದೋ ಕೈಬರಹವೇ. ಆ ಕೈ ಯಾರದೆಂದು ಯಾವ ಭಾಷಣದಲ್ಲೂ ನಾವು ಕೇಳಿಲ್ಲ.

ಮಿಷನ್‌ನವರ ಉದ್ದೇಶ ಧರ್ಮಪ್ರಚಾರ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಪತ್ರಿಕೆಯಲ್ಲಿ ಊರ ವರ್ತಮಾನ, ಸರ್ಕಾರದ ಆದೇಶ, ಬೇರೆ ರಾಜ್ಯಗಳ ಸುದ್ದಿ, ಕತೆಗಳ ಜತೆ ಪುರಂದರದಾಸರ ಪದಗಳೂ ಇದ್ದವು. ಊರಿನವರು ಓದಬೇಕಾದರೆ ಊರಿನವರದ್ದು ಇರಬೇಕು ಎಂಬುದು ಮೋಗ್ಲಿಂಗ್‌ಗೆ ಗೊತ್ತಿತ್ತು.

ಅದೇ ಪಟ್ಟಣದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾದರು. ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಮುಂದೆ ಅವರು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಇದೇ ಮಂಗಳೂರಲ್ಲಿ ಅಚ್ಚಾಯಿತು. ಅದಕ್ಕೆ ಎರಡು ವರ್ಷ ಮೊದಲು, 1892ರಲ್ಲಿ, ಕುದ್ಮುಲ್ ರಂಗರಾಯರು ಅಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು.

ರಂಗರಾಯರ ಶಾಲೆಯ ಸುದ್ದಿ ‘ಮಂಗಳೂರ ಸಮಾಚಾರ’ದಲ್ಲಿ ಬರಲು ಸಾಧ್ಯವಿರಲಿಲ್ಲ. 1844ರಲ್ಲೇ ಪತ್ರಿಕೆ ಬಳ್ಳಾರಿಗೆ ಹೋಗಿತ್ತು. ಅಲ್ಲಿ ಮೊಳೆಯಚ್ಚಿನಲ್ಲಿ ಅಂದವಾಗಿ ಅಚ್ಚಾಯಿತು, ಹೆಸರು ‘ಕನ್ನಡ ಸಮಾಚಾರ’ ಆಯಿತು. ಹರವು ಹೆಚ್ಚಿತು, ಊರಿನ ಹೆಸರು ಹೋಯಿತು.

ಇದು ನಮಗೆ ಹಳೇ ಕತೆ ಅನಿಸುವುದಿಲ್ಲ. ಹಳ್ಳಿ ಶಾಲೆಗೆ ಮೇಷ್ಟ್ರಿಲ್ಲ ಎಂದು ಸುದ್ದಿ ಕಳಿಸಿದರೆ, "ರಾಜ್ಯ ಪುಟಕ್ಕೆ ಆಗೋದು ಏನಾದ್ರೂ ಇದ್ರೆ ಹೇಳ್ರಿ" ಎಂಬ ಉತ್ತರ ನಾವು ಕೇಳಿದ್ದೇವೆ. ಮೋಗ್ಲಿಂಗ್, ಕಿಟೆಲ್ ಅವರ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ನಮ್ಮೂರ ಸೂಲಗಿತ್ತಿ, ನೀರುಗಂಟಿ, ಮೂವತ್ತು ವರ್ಷ ಅಂಚೆ ಹಂಚಿದವರ ಹೆಸರು ಉಳಿಯಬೇಕಾದ ಜಾಗ ಊರ ವರ್ತಮಾನದ ಅಂಕಣ ಮಾತ್ರ.

ಈ ಜುಲೈ 1ಕ್ಕೆ ನಿಮ್ಮೂರಿನ ಅಂಥ ಒಬ್ಬರ ವಿಷಯ ನಾಲ್ಕು ಸಾಲು ಬರೆದಿಡಿ. ಅವರನ್ನೇ ಕೂರಿಸಿಕೊಂಡು, ಕೇಳಿ ಬರೆಯಿರಿ.