ಒಲೆಯ ಮುಂದಿನ ಓಟು

ಚುನಾವಣೆಯ ಚರಿತ್ರೆ ಬರೆಯುವವರು ಯಾರು ಗೆದ್ದರು, ಎಷ್ಟು ಮತಗಳಿಂದ ಗೆದ್ದರು ಎಂದು ಬರೆಯುತ್ತಾರೆ. ಆ ಮತ ಯಾವ ಮನೆಯ ಯಾವ ಮೂಲೆಯಲ್ಲಿ ತೀರ್ಮಾನವಾಯಿತು ಎಂಬುದು ಯಾವ ಗೆಜೆಟ್ಟಿನಲ್ಲೂ ಸಿಗುವುದಿಲ್ಲ. ನಾನು ಸೊಸೆಯಾಗಿ ಬಂದ ಯಲವಿಗಿಯಲ್ಲಿ ಗಂಡಸರ ತೀರ್ಮಾನ ಕಟ್ಟೆಯ ಮೇಲೆ, ಇಲ್ಲವೆ ಸ್ಟೇಶನ್ನಿನ ಹತ್ತಿರ ಚಹಾ ಕುಡಿಯುತ್ತ ಆಗುತ್ತಿತ್ತು. ಹೆಂಗಸರದು ಒಲೆಯ ಮುಂದೆ. ಎರಡೂ ಒಂದೇ ಎಂದು ಯಜಮಾನರು ನಂಬಿದ್ದರು. ಆ ನಂಬಿಕೆಯನ್ನು ಕೆಡಿಸಲು ಯಾರೂ ಹೋಗುತ್ತಿರಲಿಲ್ಲ.

ನಮ್ಮತ್ತೆಯವರ ಮೊದಲ ಓಟು 1952ರದು. ಆಗ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಪಕ್ಕದ ಸವಣೂರಿನಲ್ಲಿ ನವಾಬರ ಆಳ್ವಿಕೆ ಮುಗಿದು ನಾಲ್ಕೇ ವರ್ಷವಾಗಿತ್ತು. ಅದಕ್ಕೂ ಹಿಂದೆ ಚುನಾವಣೆಗಳು ಇದ್ದವು, ಆದರೆ ಓಟು ಆಸ್ತಿ, ಕಂದಾಯ, ಓದು ಇದ್ದವರ ಸೊತ್ತು. ಈಗ 21 ತುಂಬಿದ ಎಲ್ಲರ ಹೆಸರನ್ನೂ ಬರೆದುಕೊಳ್ಳಬೇಕು. ಬರೆದುಕೊಳ್ಳಲು ಬಂದವರು ಗಂಡನ ಹೆಸರು ಕೇಳಿದರೆ ಅತ್ತೆ ಹೇಗೆ ಹೇಳಿಯಾರು? ನಮ್ಮ ಕಡೆ ಅದನ್ನು ಒಡಪಿನಲ್ಲಿ ಇಟ್ಟು ಹೇಳಬೇಕೇ ಹೊರತು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗ ಹೇಳಿದನಂತೆ. ಉತ್ತರದ ರಾಜ್ಯಗಳಲ್ಲಿ ಆದದ್ದು ಇದರ ತಿರುವುಮುರುವು. ಅಲ್ಲಿಯ ಹೆಂಗಸರು ತಮ್ಮ ಹೆಸರನ್ನೇ ಹೇಳದೆ ಇಂಥವರ ತಾಯಿ, ಇಂಥವರ ಹೆಂಡತಿ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರು ಯಾದಿಯಿಂದ ಬಿದ್ದುಹೋಯಿತು. ಗಂಡನ ಹೆಸರು ನುಂಗಿದವರಿಗೆ ಓಟು ಉಳಿಯಿತು, ತಮ್ಮ ಹೆಸರು ನುಂಗಿದವರಿಗೆ ಹೋಯಿತು.

ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿತ್ರ. ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬಂದರೆ ಮುಗಿಯಿತು. ಕಾಂಗ್ರೆಸ್ಸಿನದು ಜೋಡೆತ್ತು. ಕಾರಹುಣ್ಣಿಮೆಗೆ ಎತ್ತಿನ ಕಾಲಿಗೆ ಬೀಳುವ ಮನೆಯವರಿಗೆ ಬೇರೆ ಪ್ರಚಾರ ಬೇಕಿತ್ತೆ? "ಮನ್ಯಾಗಿನ ಬಸವಣ್ಣನ್ನ ಬಿಟ್ಟು ಮತ್ಯಾರಿಗೆ ಹಾಕ್ಲೆವ್ವಾ?" ಎಂದು ಅತ್ತೆ ನಗುತ್ತಿದ್ದರು. ಪಕ್ಷದ ಹೆಸರು ಅವರಿಗೆ ಬಹಳ ವರ್ಷ ಬೇಕಾಗಲೇ ಇಲ್ಲ.

ಆದರೆ ಹೆಂಗಸರು ಚಿತ್ರ ನೋಡಿ ಓಟು ಹಾಕುತ್ತಾರೆಂದು ಆಡಿಕೊಳ್ಳುವವರ ಮಾತನ್ನು ನಾನು ಒಪ್ಪುವುದಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು, ಉಳುವವನೇ ಒಡೆಯ ಎಂದಾಯಿತು. ನಮ್ಮ ಓಣಿಯಲ್ಲೇ ಒಂದು ಮನೆಗೆ ಹೊಲ ಬಂತು, ಇನ್ನೊಂದು ಮನೆಯದು ಹೋಯಿತು. ಹೊಲ ಬಂದ ಮನೆಯ ದೊಡ್ಡವ್ವ 1978ರಲ್ಲಿ ಕೈ ಗುರುತಿಗೆ ಹಾಕಿದಳು. ಕೈ ಆಗಷ್ಟೇ ಹುಟ್ಟಿದ ಗುರುತು, ಅದಕ್ಕೆ ಮೊದಲಿನದು ಹಸು-ಕರು. ಅವಳು ನೋಡಿದ್ದು ಗುರುತನ್ನಲ್ಲ, ದೇವರಾಜ ಅರಸರನ್ನು. ಹೊಲ ಕಳೆದುಕೊಂಡ ಮನೆಯ ಕಾಕಿಯೂ ಅರಸರನ್ನೇ ನೋಡಿದಳು. ಓಟು ಮಾತ್ರ ಬೇರೆ ಕಡೆ ಹೋಯಿತು. ಇಬ್ಬರೂ ಒಂದೇ ಬಾವಿಗೆ ನೀರಿಗೆ ಬರುತ್ತಿದ್ದರಂತೆ, ಬಹಳ ದಿನ ಮಾತಿಲ್ಲದೆ.

ನಾನು ಕಣ್ಣಾರೆ ಕಂಡದ್ದು 1984-85ರ ಸಂಗತಿ. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾದಾಗ ಅತ್ತೆ ಅವತ್ತು ಒಲೆ ಹಚ್ಚಲಿಲ್ಲ. ಡಿಸೆಂಬರಿನ ಲೋಕಸಭೆ ಓಟಿಗೆ ನಮ್ಮ ಮನೆಯ ಹೆಂಗಸರಲ್ಲಿ ಚರ್ಚೆಯೇ ಇರಲಿಲ್ಲ. ರಾಜ್ಯದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 24 ಬಂದವು. ಸೋಲಿನ ಹೊಣೆ ಹೊತ್ತು ಹೆಗಡೆಯವರು ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಬಂದರು. ಎರಡೇ ತಿಂಗಳ ಅಂತರದಲ್ಲಿ, 1985ರ ಮಾರ್ಚಿನಲ್ಲಿ, ಅದೇ ಮತದಾರರು ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ಪಂಡಿತರು ಇದಕ್ಕೆ ಏನೇನೋ ಹೆಸರಿಟ್ಟರು. ನಮ್ಮತ್ತೆ ರೊಟ್ಟಿ ತಟ್ಟುತ್ತ ಹೇಳಿದ್ದು ಇಷ್ಟೆ: "ದಿಲ್ಲಿದು ದುಃಖದ ಓಟು. ಇದು ಸಂಸಾರದ್ದು." ಮಾವನವರು ಎರಡೂ ಸಲ ಒಂದೇ ಪಕ್ಷಕ್ಕೆ ಹಾಕಿದರು, ಮನೆಯವರೆಲ್ಲ ಹಾಗೇ ಹಾಕಿದ್ದಾರೆಂದು ಕಟ್ಟೆಯ ಮೇಲೆ ಹೇಳಿಯೂ ಬಂದರು.

ಪಂಚಾಯತಿ ಚುನಾವಣೆಯ ಬಿಸಿಯೇ ಬೇರೆ. 1987ರ ಮಂಡಲ ಪಂಚಾಯತಿಯಲ್ಲಿ ಹೆಂಗಸರಿಗೆ ಕಾಲುಭಾಗ ಮೀಸಲು ಬಂತು, 1993ರ ಗ್ರಾಮ ಪಂಚಾಯತಿಯಲ್ಲಿ ಮೂರರಲ್ಲೊಂದು. ಓಟು ಕೇಳುವವರು ಪಡಸಾಲೆ ದಾಟಿ ನೇರ ಅಡಿಗೆಮನೆಗೆ ಬರಲು ಶುರುವಾದದ್ದು ಆಗ. 1993ರಲ್ಲಿ ಅಭ್ಯರ್ಥಿಯ ಮನೆಯ ಹೆಂಗಸರು ಬಂದು ನಮಗೆಲ್ಲ ಕುಂಕುಮ ಹಚ್ಚಿ, ಕುಬಸದ ಬಟ್ಟೆ, ತೆಂಗಿನಕಾಯಿ ಇಟ್ಟು ಉಡಿ ತುಂಬಿದರು. ಎದುರಿಗೆ ನಿಂತವಳು ನಮ್ಮ ನೆಗೆಣ್ಣಿಯ ತಂಗಿ. ಉಡಿ ತುಂಬಿಸಿಕೊಂಡು ಬೇರೆಯವರಿಗೆ ಹಾಕಿದರೆ ಪಾಪ. ತಂಗಿಗೆ ಹಾಕದಿದ್ದರೆ ಅವಳು ತವರಿಗೆ ಮುಖ ತೋರಿಸುವಂತಿಲ್ಲ. ನೆಗೆಣ್ಣಿ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಅತ್ತೆ ಕಾಯಿ ಒಡೆದು ಚಟ್ನಿ ಅರೆದರು. "ಏನೂ ಕೇಳ್ದ ತುಂಬಿದ್ರ ಅದು ಉಡಿ. ಕೇಳಿ ತುಂಬಿದ್ರ ಅದು ಕೂಲಿ. ಕೂಲಿಗೆ ಎಂಥಾ ಪಾಪ? ಊಟ ಮಾಡು" ಅಂದರು. ಧರ್ಮಶಾಸ್ತ್ರ ಓದಿದವರು ಇದಕ್ಕಿಂತ ಚೆನ್ನಾಗಿ ಬಿಡಿಸುತ್ತಿದ್ದರೆಂದು ನನಗನ್ನಿಸುವುದಿಲ್ಲ. ತಂಗಿ ಗೆದ್ದಳೋ ಸೋತಳೋ ಎಂಬುದು ಇಲ್ಲಿ ಬೇಡ.

1997ರಲ್ಲಿ ನಾವು ಹಾವೇರಿ ಜಿಲ್ಲೆಯವರಾದೆವು. ಶಿಗ್ಗಾಂವಿ ವಿಧಾನಸಭಾ ಕ್ಷೇತ್ರ ಹಾವೇರಿ ಜಿಲ್ಲೆಯದಾದರೂ ಸೇರಿರುವುದು ಧಾರವಾಡ ಲೋಕಸಭೆಗೆ. ಹೊಸದಾಗಿ ಬಂದ ಸೊಸೆಯರಿಗೆ ಇದನ್ನು ತಿಳಿಸಿ ಹೇಳುವುದೇ ಒಂದು ಕೆಲಸ. 2004ರಿಂದ ಎಲ್ಲ ಕಡೆಯೂ ಯಂತ್ರ ಬಂತು. ಗುಂಡಿ ಒತ್ತುವುದು ಸುಲಭ. ಆದರೆ ಕಾಗದದ ಚೀಟಿಯ ಕಾಲದಲ್ಲಿ ಹಲವು ಬೂತುಗಳ ಚೀಟಿ ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರದಲ್ಲಿ ಬೂತಿಗೊಂದು ಲೆಕ್ಕ ಹೊರಬೀಳುತ್ತದೆ. ಹಲವು ಯಂತ್ರಗಳ ಲೆಕ್ಕವನ್ನು ಕೂಡಿಸಿಯೇ ತೋರಿಸುವ ಸಾಧನವನ್ನು ಬಳಸೋಣವೆಂದು ಆಯೋಗ 2008ರಲ್ಲಿ ಕೇಂದ್ರ ಸರಕಾರಕ್ಕೆ ಬರೆದರೂ ಅದು ಜಾರಿಗೆ ಬರಲಿಲ್ಲ. ಹೀಗಾಗಿ ಗುಟ್ಟು ಒಬ್ಬೊಬ್ಬರದು ಉಳಿಯಿತು, ಓಣಿಯದು ಹೋಯಿತು.

2023ರಲ್ಲಿ ಉಚಿತ ಬಸ್ಸು, ತಿಂಗಳಿಗೆ 2000 ರೂಪಾಯಿ ಎಂಬ ಮಾತು ಬಂದಾಗ ಗಂಡಸರು "ಹೆಂಗಸರು ಓಟು ಮಾರಿಕೊಂಡರು" ಎಂದರು. ಗೇಣಿಯ ಹೊಲ ಸಿಕ್ಕಿದ್ದಕ್ಕೆ ಓಟು ಹಾಕಿದ ಗಂಡಸರಿಗೆ ಯಾರೂ ಹಾಗೆ ಅಂದಿರಲಿಲ್ಲ.

ಅದಾದ ಮೇಲೊಂದು ಚುನಾವಣೆ ಮುಗಿದಾಗ ಊರ ಹಿರಿಯರೊಬ್ಬರು ಬೂತಿನ ಲೆಕ್ಕ ಬರೆದ ಕಾಗದ ಹಿಡಿದು ನಮ್ಮ ಪಡಸಾಲೆಗೆ ಬಂದರು. "ಈ ಓಣ್ಯಾಗ ನಮಗ ಕಡಿಮಿ ಬಿದ್ದಾವು. ಯಾರ ಮನಿವು ತಪ್ಪಿದ್ವೊ ಏನೊ" ಎಂದು ಒಳಗಿನ ಬಾಗಿಲ ಕಡೆ ನೋಡಿದರು. ನನ್ನ ಸೊಸೆ ಚಹಾ ತಂದಿಟ್ಟಳು. "ಅಜ್ಜಾರ, ಸಕ್ಕರಿ ಸಾಕೇನ್ರಿ?" ಎಂದು ಕೇಳಿದಳು.