ಗಡಿ ಎಳೆಯುವ ಅಧಿಕಾರ



ಒಂದು ರಾಜ್ಯದ ತಾಲ್ಲೂಕನ್ನು ತೆಗೆದು ಇನ್ನೊಂದು ರಾಜ್ಯಕ್ಕೆ ಸೇರಿಸುವ ಅಧಿಕಾರ ಯಾರದು? ನಮ್ಮ ಸಂವಿಧಾನದ 3ನೇ ವಿಧಿಯಂತೆ ಅದು ಸಂಸತ್ತಿನದು. ಆಯಾ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ನಿಜ. ಆದರೆ ಅದರ ಒಪ್ಪಿಗೆ ಬೇಕಿಲ್ಲ.

ಕೇಂದ್ರಕ್ಕೆ ಇಷ್ಟು ಬಲ ಬಂದುದರ ಹಿಂದೆ ಡಾ. ಬಿ.ಆರ್. ಅಂಬೇಡ್ಕರ್ ಅವರ ವಿಚಾರವಿದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಅವರು ಒಂದು ಮಾತನ್ನು ಸ್ಪಷ್ಟಪಡಿಸಿದರು. ಭಾರತದ ಒಕ್ಕೂಟ ರಾಜ್ಯಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ. ಆದ್ದರಿಂದ ಅದನ್ನು ಬಿಟ್ಟುಹೋಗುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲ. ಗಡಿ ಬದಲಾವಣೆಯ ಪ್ರಸ್ತಾವ ಆಯಾ ರಾಜ್ಯದ ಶಾಸನಸಭೆಯಿಂದಲೇ ಹೊರಡಲಿ ಎಂದು ಅದೇ ತಿಂಗಳು ಪ್ರೊ. ಕೆ.ಟಿ. ಷಾ ತಿದ್ದುಪಡಿ ತಂದರು. ಸಭೆ ಒಪ್ಪಲಿಲ್ಲ.

ಈ ಅಧಿಕಾರದ ಫಲವನ್ನು ನಮ್ಮ ಹಿರಿಯರು ಕಣ್ಣಾರೆ ಕಂಡರು. 1953ರಲ್ಲಿ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ಅಧಿಕಾರದಿಂದಲೇ ನಾಲ್ಕಾರು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು ಅಂದು ಒಂದಾಯಿತು. ಒಂದೇ ಕಾನೂನು ಒಬ್ಬರನ್ನು ಮನೆ ಸೇರಿಸಿತು, ಇನ್ನೊಬ್ಬರನ್ನು ಹೊಸ್ತಿಲಾಚೆ ನಿಲ್ಲಿಸಿತು.

ಹೊರಗುಳಿದವರ ಗತಿಯೇನು? 1948ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಅವರು, ಅಲ್ಪಸಂಖ್ಯಾತರೆಂದರೆ ಮತಧರ್ಮದಿಂದ ಮಾತ್ರವಲ್ಲ, ಭಾಷೆಯಿಂದಲೂ ಹೌದು ಎಂದಿದ್ದರು. ಮದರಾಸಿನಿಂದ ಮುಂಬಯಿಗೆ ಬಂದು ನೆಲೆಸಿದವರ ಉದಾಹರಣೆ ಕೊಟ್ಟಿದ್ದರು. ಆದರೆ ಗಡಿ ಕನ್ನಡಿಗರು ಎಲ್ಲಿಂದಲೂ ಬಂದವರಲ್ಲ. ಅವರು ಇದ್ದಲ್ಲೇ ಇದ್ದರು, ಸರಿದದ್ದು ಗಡಿ.

ಆದುದರಿಂದ ಗಡಿ ಎಳೆದವರಿಗೆ ಹೊಣೆಯೂ ಇದೆ. 1956ರ ಏಳನೆಯ ತಿದ್ದುಪಡಿ ಇದನ್ನು ಒಪ್ಪಿಕೊಂಡಿತು. ಅದು ಸೇರಿಸಿದ 350ಎ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು. ಇದಕ್ಕಾಗಿ ರಾಷ್ಟ್ರಪತಿಗಳು ರಾಜ್ಯಗಳಿಗೆ ನಿರ್ದೇಶನ ನೀಡಬಹುದು. 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ಕೊಟ್ಟಿತು. ಅವರ ವರದಿ ಸಂಸತ್ತಿನ ಮುಂದೆ ಬರಬೇಕು.

"ಪ್ರಯತ್ನಿಸಬೇಕು" ಎಂಬ ಮಾತು ಸಡಿಲವಾದದ್ದೇ. ಕೇಳುವವರಿಲ್ಲದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ. ಊರಿನ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬೇಕೆಂದು ಅರ್ಜಿ ಬರೆಯುವಾಗ ನಾವು ಯಾರ ದಯೆಯನ್ನೂ ಬೇಡುತ್ತಿಲ್ಲ. ನೆರೆಭಾಷೆಯನ್ನು ಪ್ರೀತಿಯಿಂದ ಕಲಿಯೋಣ. ನಮ್ಮ ನುಡಿಗೆ ಸಂವಿಧಾನ ಕೊಟ್ಟ ಜಾಗವನ್ನೂ ಕೇಳಿ ಪಡೆಯೋಣ.