ಮೀನು ಮಾರುಕಟ್ಟೆಯ ಬಯಲಿನಿಂದ ಶಾಂತಿ ಒಪ್ಪಂದದವರೆಗೆ: ಲೈಬೀರಿಯದ ತಾಯಂದಿರು ಮತ್ತು ಅವರಿಗೆ ದೊರೆತ ಆಸರೆ

ಯುದ್ಧ, ಗಲಭೆಗಳ ಸುದ್ದಿ ಬಂದಾಗ ನಮ್ಮ ಧರ್ಮಕೇಂದ್ರಗಳು ಕೈಕಟ್ಟಿ ಕುಳಿತುಕೊಳ್ಳುವುದಿಲ್ಲ. ಪ್ರಾರ್ಥನೆ ನಡೆಯುತ್ತದೆ, ವಿಶೇಷ ಕಾಣಿಕೆ ಸಂಗ್ರಹವಾಗುತ್ತದೆ. ಅಕ್ಕಿ, ಬಟ್ಟೆ, ಔಷಧಿಗೆಂದು ಹಣ ಹೋಗುತ್ತದೆ. ಆದರೆ ಅದೇ ಊರುಗಳಲ್ಲಿ ಹಿಂಸೆಯನ್ನೇ ನಿಲ್ಲಿಸಲು ದುಡಿಯುವ ಸಣ್ಣ ಗುಂಪುಗಳೂ ಇರುತ್ತವೆ. ಅವು ನಮ್ಮ ಸಹಾಯದ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಇಂತಹ ಗುಂಪಿಗೆ ನೀಡುವ ಆಸರೆಯಿಂದ ಏನಾಗಬಲ್ಲದು, ಎಲ್ಲಿ ಅದು ಸಾಲದೆ ಬರುತ್ತದೆ ಎಂಬುದನ್ನು ತಿಳಿಯಲು ಪಶ್ಚಿಮ ಆಫ್ರಿಕದ ಲೈಬೀರಿಯ ದೇಶದ ಅನುಭವವನ್ನು ಇಲ್ಲಿ ನೀಡುತ್ತಿದ್ದೇವೆ.

ಹಿನ್ನೆಲೆ

ಲೈಬೀರಿಯ ಅಟ್ಲಾಂಟಿಕ್ ಕರಾವಳಿಯ ದೇಶ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ರಾಜಧಾನಿ ಮನ್ರೋವಿಯ. 1989ರ ಕ್ರಿಸ್ಮಸ್ ಮುನ್ನಾದಿನ ಚಾರ್ಲ್ಸ್ ಟೇಲರ್‌ನ ಬಂಡಾಯ ಪಡೆ ಗಡಿ ದಾಟಿ ಒಳಬಂದಾಗ ಅಂತರ್ಯುದ್ಧ ಆರಂಭವಾಯಿತು. 1990ರ ಜುಲೈಯಲ್ಲಿ ಮನ್ರೋವಿಯದ ಸಂತ ಪೇತ್ರರ ಲೂಥರನ್ ದೇವಾಲಯದಲ್ಲಿ ಆಶ್ರಯ ಪಡೆದಿದ್ದ ನೂರಾರು ಮಂದಿಯನ್ನು ಸರ್ಕಾರಿ ಸೈನಿಕರು ಕೊಂದರು. 1992ರ ಅಕ್ಟೋಬರ್‌ನಲ್ಲಿ ಅಲ್ಲಿ ಸೇವೆಯಲ್ಲಿದ್ದ ಅಮೆರಿಕದ ಐವರು ಕಥೋಲಿಕ ಧರ್ಮಭಗಿನಿಯರು ಹತ್ಯೆಯಾದರು. 1997ರಲ್ಲಿ ಟೇಲರ್ ಚುನಾವಣೆ ಗೆದ್ದು ಅಧ್ಯಕ್ಷನಾದರೂ 1999ರಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡಿತು. ಎರಡೂ ಯುದ್ಧಗಳಲ್ಲಿ ಸತ್ತವರು ಸುಮಾರು 2.5 ಲಕ್ಷ ಎಂದು ಸಾಮಾನ್ಯವಾಗಿ ಅಂದಾಜಿಸಲಾಗಿದೆ. ಮಕ್ಕಳ ಕೈಗೆ ಬಂದೂಕು ಕೊಡಲಾಯಿತು. ಸ್ತ್ರೀಯರ ಮೇಲಿನ ಅತ್ಯಾಚಾರ ಯುದ್ಧದ ಆಯುಧವೇ ಆಗಿತ್ತು.

ತಾಯಂದಿರ ಕೂಟ

ಲೇಮಾ ಬೋವೀ ಎಂಬ ಸಮಾಜ ಕಾರ್ಯಕರ್ತೆ ಅದೇ ಲೂಥರನ್ ದೇವಾಲಯದ ಯೋಜನೆಯೊಂದರಲ್ಲಿ, ಯುದ್ಧದಿಂದ ನೊಂದವರಿಗೂ ಮಕ್ಕಳ ಸೈನಿಕರಾಗಿದ್ದವರಿಗೂ ಸಾಂತ್ವನ ನೀಡುವ ಕೆಲಸ ಮಾಡುತ್ತಿದ್ದರು. 2002ರಲ್ಲಿ ಅವರು ಸ್ತ್ರೀಯರನ್ನು ಶಾಂತಿಗಾಗಿ ಪ್ರಾರ್ಥಿಸಲು ಕರೆದರು. ಆ ಕೂಟದಲ್ಲಿ ಮುಸ್ಲಿಂ ಪೊಲೀಸ್ ಅಧಿಕಾರಿ ಅಸಾತು ಬಾ ಕೆನೆತ್ ಎದ್ದು ನಿಂತು, ಮುಸ್ಲಿಂ ಸ್ತ್ರೀಯರೂ ಜೊತೆಗೂಡುವರೆಂದು ಮಾತು ಕೊಟ್ಟರು. ಎರಡೂ ಕಡೆ ಹಿಂಜರಿಕೆ ಇತ್ತು. ಗುಂಡು ಧರ್ಮ ನೋಡಿ ತಗಲುವುದಿಲ್ಲ ಎಂಬ ತಿಳಿವಳಿಕೆ ಅದನ್ನು ಕರಗಿಸಿತು.

ಆರು ತಿಂಗಳ ಕಾಲ ಅವರು ವಾರಕ್ಕೆ ಮೂರು ದಿನ ಜನರ ಬಳಿಗೆ ಹೋದರು: ಶುಕ್ರವಾರ ಮಸೀದಿಗೆ, ಶನಿವಾರ ಸಂತೆಗೆ, ಭಾನುವಾರ ಚರ್ಚಿಗೆ. ಓದು ಬಾರದವರಿಗೆಂದು ಕರಪತ್ರಗಳಲ್ಲಿ ಸರಳ ಚಿತ್ರ ಬರೆದು ಹಂಚಿದರು. 2003ರ ಏಪ್ರಿಲ್‌ನಲ್ಲಿ ಮನ್ರೋವಿಯದ ಮೀನು ಮಾರುಕಟ್ಟೆಯ ಪಕ್ಕದ ಬಯಲಿನಲ್ಲಿ, ಅಧ್ಯಕ್ಷನ ವಾಹನಗಳು ಹಾದುಹೋಗುವ ದಾರಿಯಲ್ಲೇ, ಬಿಳಿ ಉಡುಪು ತೊಟ್ಟು ಧರಣಿ ಕುಳಿತರು. ಆಭರಣ, ಅಲಂಕಾರ ಬಿಟ್ಟಿದ್ದರು. ತನ್ನ ಜನರಿಗಾಗಿ ಬೇಡಿದ ಎಸ್ತೇರ್ ರಾಣಿಯ ಕಥೆ ಅವರಿಗೆ ಮಾದರಿಯಾಗಿತ್ತು. ಬಿಸಿಲು, ಮಳೆ ಎನ್ನದೆ ದಿನವೂ ಬಂದರು. ನಿರಾಶ್ರಿತರ ಶಿಬಿರಗಳ ಸ್ತ್ರೀಯರೂ ಸೇರಿಕೊಂಡರು. ಏಪ್ರಿಲ್ 23ರಂದು ಟೇಲರ್ ಅವರ ಮನವಿಯನ್ನು ಕೇಳಲೇಬೇಕಾಯಿತು.

ಜೂನ್ 4ರಂದು ಘಾನಾ ದೇಶದ ಅಕ್ರಾದಲ್ಲಿ ಶಾಂತಿ ಮಾತುಕತೆ ಆರಂಭವಾಯಿತು. ದಿನ ಕಳೆದರೂ ಫಲವಿಲ್ಲ; ಇತ್ತ ಮನ್ರೋವಿಯದ ಮೇಲೆ ಶೆಲ್‌ಗಳು ಬೀಳುತ್ತಿದ್ದವು. ಜುಲೈಯಲ್ಲಿ ಸುಮಾರು ಇನ್ನೂರು ಸ್ತ್ರೀಯರು ಮಾತುಕತೆಯ ಸಭಾಂಗಣದ ಬಾಗಿಲಲ್ಲಿ ಕೈಗೆ ಕೈ ಹೆಣೆದು ಕುಳಿತು, ಒಪ್ಪಂದಕ್ಕೆ ಬಾರದೆ ಯಾರೂ ಹೊರಹೋಗುವಂತಿಲ್ಲ ಎಂದರು. ಘಾನಾದ ಬುಡುಬುರಾಂ ಶಿಬಿರದಲ್ಲಿದ್ದ ಲೈಬೀರಿಯದ ನಿರಾಶ್ರಿತೆಯರೂ ಅವರೊಂದಿಗಿದ್ದರು. ಬಂಧಿಸಲು ಕಾವಲಿನವರು ಬಂದಾಗ ಬೋವೀ ಮೈಮೇಲಿನ ಬಟ್ಟೆ ಕಳಚಲು ಮುಂದಾದರು. ತಾಯಿಯಾದವಳು ಹಾಗೆ ಮಾಡುವುದು ಆ ನಾಡಿನಲ್ಲಿ ನೋಡಿದವರಿಗೆ ದೊಡ್ಡ ಶಾಪ. ಮಧ್ಯಸ್ಥರಾಗಿದ್ದ ನೈಜೀರಿಯದ ಮಾಜಿ ಆಡಳಿತಗಾರ ಅಬ್ದುಲ್‌ಸಲಾಮಿ ಅಬೂಬಕರ್ ಹೊರಬಂದು ಅವರ ಮಾತು ಕೇಳಿದರು. ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟ. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಯುದ್ಧ ನಿಂತದ್ದು ಈ ಸ್ತ್ರೀಯರಿಂದ ಮಾತ್ರ ಎಂದು ನಾವು ಹೇಳುತ್ತಿಲ್ಲ. ಬಂಡಾಯಗಾರರ ಮುತ್ತಿಗೆ, ನೆರೆಯ ರಾಷ್ಟ್ರಗಳ ಮತ್ತು ಅಮೆರಿಕದ ಒತ್ತಡ, ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯ ಟೇಲರ್ ಮೇಲೆ ಹೊರಿಸಿದ ಆರೋಪ, ಇವೆಲ್ಲವೂ ಕಾರಣ. ಆದರೆ ಸಾಯುತ್ತಿದ್ದ ಜನರ ನೋವನ್ನು ಮಾತುಕತೆಯ ಬಾಗಿಲಿಗೆ ತಂದವರು ಇವರೇ.

ಬೆನ್ನಿಗೆ ನಿಂತವರು

ಇಂತಹ ಕೂಟ ತಾನಾಗಿ ಉಳಿಯಲಾರದು. 1998ರಲ್ಲಿ ಆರಂಭವಾದ ಪಶ್ಚಿಮ ಆಫ್ರಿಕ ಶಾಂತಿ ಸ್ಥಾಪನಾ ಜಾಲವು ಸ್ತ್ರೀಯರಿಗಾಗಿಯೇ 2001ರಲ್ಲಿ ಒಂದು ವಿಭಾಗ ತೆರೆದು ಬೋವೀ ಮತ್ತಿತರರಿಗೆ ತರಬೇತಿ ನೀಡಿತು. ಲೂಥರನ್ ಸಭೆ ಕೂಡುವ ಜಾಗ ಕೊಟ್ಟಿತು. ಕಥೋಲಿಕ ಧರ್ಮಸಭೆಯ ರೇಡಿಯೋ ವೆರಿತಾಸ್ ಅವರ ಕರೆಯನ್ನು ಮನೆಮನೆಗೆ ಮುಟ್ಟಿಸಿತು. 2000ರಲ್ಲಿ ಸರ್ಕಾರ ಈ ಕೇಂದ್ರವನ್ನು ಕೆಲಕಾಲ ಮುಚ್ಚಿಸಿತ್ತು ಎಂಬುದನ್ನು ನೆನೆದರೆ ಅದರ ಧೈರ್ಯ ತಿಳಿಯುತ್ತದೆ. ಮನ್ರೋವಿಯದ ಮಹಾಧರ್ಮಾಧ್ಯಕ್ಷ ಮೈಕಲ್ ಫ್ರಾನ್ಸಿಸ್ 1991ರಲ್ಲೇ ನ್ಯಾಯ ಮತ್ತು ಶಾಂತಿ ಆಯೋಗ ಸ್ಥಾಪಿಸಿ, ಅನ್ಯಾಯಗಳನ್ನು ದಾಖಲಿಸುವ ಕಾರ್ಯ ನಡೆಸಿದ್ದರು.

ಈ ಆಸರೆಗಳಲ್ಲಿ ಒಂದು ಸಾಮಾನ್ಯ ಗುಣವನ್ನು ಕಾಣುತ್ತೇವೆ. ಜಾಗ, ತರಬೇತಿ, ಧ್ವನಿ ಕೊಟ್ಟವರು ಹೊರಗಿನವರು. ಯಾವಾಗ ಕೂರಬೇಕು, ಏನು ಕೇಳಬೇಕು, ಯಾವಾಗ ಏಳಬೇಕು ಎಂದು ತೀರ್ಮಾನಿಸಿದವರು ಆ ಸ್ತ್ರೀಯರು.

ಸಹಿಯಾದ ಮೇಲೆ

ಒಪ್ಪಂದದ ನಂತರವೇ ಕಷ್ಟದ ಕೆಲಸ ಆರಂಭವಾಯಿತು. ವಿಶ್ವಸಂಸ್ಥೆ 2003ರ ಡಿಸೆಂಬರ್‌ನಲ್ಲಿ ಕೈಗೊಂಡ ಶಸ್ತ್ರ ಒಪ್ಪಿಸುವ ಕಾರ್ಯಕ್ರಮ ಗಲಭೆಯಿಂದ ನಿಂತುಹೋಗಿ, 2004ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅದರಲ್ಲಿ ಸೇರಿದರು. 2005ರ ಚುನಾವಣೆಗೆ ಮುನ್ನ ಸ್ತ್ರೀ ಕಾರ್ಯಕರ್ತೆಯರು ಸಂತೆಗಳಿಗೆ ಹೋಗಿ, ವ್ಯಾಪಾರ ಬಿಟ್ಟು ಬರಲಾಗದ ಹೆಂಗಸರನ್ನು ಮತದಾರರ ಪಟ್ಟಿಗೆ ಸೇರಿಸಲು ನೆರವಾದರು. ಆ ಚುನಾವಣೆಯಲ್ಲಿ ಗೆದ್ದ ಎಲೆನ್ ಜಾನ್ಸನ್ ಸರ್ಲೀಫ್ ಆಫ್ರಿಕದಲ್ಲಿ ಚುನಾಯಿತರಾದ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷೆ. 2011ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಸರ್ಲೀಫ್, ಬೋವೀ ಮತ್ತು ಯೆಮನ್‌ನ ತವಕ್ಕುಲ್ ಕರ್ಮಾನ್ ಹಂಚಿಕೊಂಡರು.

ಭಾರತಕ್ಕೂ ಇದರಲ್ಲಿ ಪಾಲಿದೆ. 2007ರಿಂದ 2016ರವರೆಗೆ ನಮ್ಮ ದೇಶದ ಮಹಿಳಾ ಪೊಲೀಸರ ತುಕಡಿ ಲೈಬೀರಿಯದಲ್ಲಿ ವಿಶ್ವಸಂಸ್ಥೆಯ ಪರವಾಗಿ ಕಾವಲು ಕಾಯಿತು. ಮಹಿಳೆಯರೇ ತುಂಬಿದ್ದ ವಿಶ್ವಸಂಸ್ಥೆಯ ಮೊದಲ ಪೊಲೀಸ್ ತುಕಡಿ ಅದು.

ಆದರೂ ಬಾಕಿ ಉಳಿದದ್ದು ಬಹಳ. ಅತ್ಯಾಚಾರದ ವಿರುದ್ಧ ಕಠಿಣ ಕಾನೂನು ಬಂದರೂ ನ್ಯಾಯ ನಿಧಾನ. ಟೇಲರ್‌ಗೆ 2012ರಲ್ಲಿ 50 ವರ್ಷಗಳ ಶಿಕ್ಷೆಯಾದದ್ದು ಸಿಯೆರಾ ಲಿಯೋನ್‌ನ ಅಪರಾಧಗಳಿಗೆ, ತನ್ನ ದೇಶದವುಗಳಿಗಲ್ಲ. ಲೈಬೀರಿಯದಲ್ಲೇ ಯುದ್ಧಾಪರಾಧ ನ್ಯಾಯಾಲಯ ಸ್ಥಾಪಿಸುವ ಕಚೇರಿಗೆ ಅಧ್ಯಕ್ಷರ ಆದೇಶ ಬಂದದ್ದು 2024ರಲ್ಲಿ. 2023ರ ಚುನಾವಣೆಯ ಬಳಿಕವೂ ಸಂಸತ್ತಿನಲ್ಲಿ ಸ್ತ್ರೀಯರು ಹತ್ತರಲ್ಲಿ ಒಬ್ಬರಷ್ಟೇ. ಬಂದೂಕು ನಿಂತರೆ ಸಮಾನತೆ ತಾನಾಗಿ ಬರುವುದಿಲ್ಲ.

ನಮಗೆ ಇರುವ ಪಾಠ

ಪೋಪ್ ಫ್ರಾನ್ಸಿಸ್ 2020ರ 'ಫ್ರಾತೆಲ್ಲಿ ತುತ್ತಿ' ವಿಶ್ವಪರಿಪತ್ರದಲ್ಲಿ, ಸಂಸ್ಥೆಗಳು ಕಟ್ಟುವ ಶಾಂತಿಯ ಜೊತೆಗೆ ಸಾಮಾನ್ಯ ಜನರು ಕುಶಲಕರ್ಮಿಗಳಂತೆ ದಿನದಿನ ರೂಪಿಸುವ ಶಾಂತಿಯೂ ಬೇಕೆಂದು ಬೋಧಿಸಿದ್ದಾರೆ. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಹಿಂಸೆ ಭುಗಿಲೆದ್ದಾಗ ನಾವೂ ಕಾಣಿಕೆ ನೀಡಿದವರೇ. ಮುಂದೆ ಇಂತಹ ಸಂದರ್ಭ ಬಂದಾಗ ನಮ್ಮ ಪಾಲನಾ ಮಂಡಳಿಗಳು, ಸ್ತ್ರೀ ಸಂಘಟನೆಗಳು, ವಾಳೆಯ ಗುರಿಕಾರರು ಈ ಕೆಲವು ಸಂಗತಿಗಳನ್ನು ಗಮನಿಸಲಿ ಎಂದು ವಿನಂತಿಸುತ್ತೇವೆ.

1. ಪರಿಹಾರ ನಿಧಿಯ ಒಂದು ಸಣ್ಣ ಪಾಲು ಶಾಂತಿಗಾಗಿ ದುಡಿಯುವ ಸ್ಥಳೀಯ ಗುಂಪಿಗೂ ಹೋಗಲಿ. ಆ ಪ್ರಾಂತ್ಯದ ಧರ್ಮಸಭೆಯ ಸಮಾಜಸೇವಾ ಸಂಸ್ಥೆಯ ಮೂಲಕ ಗುಂಪನ್ನು ತಿಳಿದುಕೊಂಡೇ ನೀಡೋಣ.

2. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುವ, ಸ್ತ್ರೀಯರ ಮಾತಿಗೆ ಬೆಲೆ ಕೊಡುವ ಗುಂಪಿಗೆ ಆದ್ಯತೆ ಇರಲಿ.

3. ದೊಡ್ಡ ಮೊತ್ತ ಒಮ್ಮೆ ಕೊಟ್ಟು ಮರೆಯುವ ಬದಲು ಸಣ್ಣ ಮೊತ್ತವನ್ನು ಕೆಲವು ವರ್ಷ ಕೊಡೋಣ. ಬಸ್ಸಿನ ಖರ್ಚು, ಕುಡಿಯುವ ನೀರು, ಕೂಡುವ ಕೋಣೆಯ ಬಾಡಿಗೆ ವರದಿಯಲ್ಲಿ ಚೆಂದ ಕಾಣದಿರಬಹುದು. ಆದರೆ ಧರಣಿ ನಡೆಯುವುದೇ ಅದರಿಂದ.

4. ಕೊಟ್ಟ ಹಣಕ್ಕೆ ಲೆಕ್ಕ ಕೇಳೋಣ. ಅವರ ತೀರ್ಮಾನಕ್ಕೆ ಕೈ ಹಾಕದಿರೋಣ.

5. ಪತ್ರಿಕೆಗಳಲ್ಲಿ ಸುದ್ದಿ ನಿಂತ ಮೇಲೂ ಅವರ ಹೆಸರು ನಮ್ಮ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಉಳಿಯಲಿ.